ಮುಚ್ಚಿದ ತೂತಿನ ಮೇಲಿನ ಏಳು

ನನ್ನ ಕೈಯಿಂದ ಹೊರಗೆ ಹೋಗುವ ಗಾಡಿ ಶೋರೂಮಿನಿಂದ ಆಗಷ್ಟೇ ಇಳಿದ ಹಾಗೆ ಕಾಣಬೇಕು. ಮಸ್ಕತ್ತಿನ ವಾದಿ ಕಬೀರಿನ ವರ್ಕ್‌ಶಾಪುಗಳಲ್ಲಿ ಇದಕ್ಕೆ ಝೀರೋ ಮೀಟರ್ ಮಾಡುವುದು ಎನ್ನುತ್ತಾರೆ. ಮರಳಿನಲ್ಲಿ ಮೂರು ಪಲ್ಟಿ ಹೊಡೆದು ಚಪ್ಪಟೆಯಾಗಿ ಬಂದ ಗಾಡಿಗಳನ್ನೂ ನಾನು ಝೀರೋ ಮೀಟರ್ ಮಾಡಿ ಕಳಿಸಿದ್ದೇನೆ. ಮೂವತ್ತೊಂದು ವರ್ಷ ಇದೇ ಕೆಲಸ, ಇದರಿಂದಲೇ ಬಂದ ಹೆಸರು. ಆ ಹೆಸರಿನ ಸೊಕ್ಕಿನಲ್ಲಿ ಒಂದು ದೊಡ್ಡ ತಪ್ಪು ಮಾಡಲು ಹೊರಟು, ಅರ್ಧಕ್ಕೆ ನಿಂತು, ಕೊನೆಗೆ ನನ್ನ ಜನ್ಮದ ಅತಿ ದೊಡ್ಡ ಗೆಲುವು ಕಂಡೆ. ಗೆದ್ದದ್ದನ್ನು ಮುಚ್ಚಿಟ್ಟುಕೊಳ್ಳುವ ವಿನಯ ನನಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಹೋದ ವರ್ಷ ಬೇಸಿಗೆ ಶುರುವಾಗುವ ಮೊದಲು ನಮ್ಮ ಶೆಡ್ಡಿಗೆ ಒಂದು ಕಾರು ಬಂತು. ಬಂತು ಎನ್ನುವುದಕ್ಕಿಂತ ಹೊತ್ತು ತಂದರು ಎನ್ನಬೇಕು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ನನ್ನ ಸೊಂಟದ ಎತ್ತರಕ್ಕೂ ಬಾರದ ಪುಟ್ಟ ಗಾಡಿ. ಉದ್ದನೆಯ ಮೂತಿ, ಕಡ್ಡಿಗಳ ಚಕ್ರ, ಬಲಗಡೆ ಸ್ಟೇರಿಂಗು. ಸೀಟಿನೊಳಗೆ ಇಲಿ ಸಂಸಾರ ಮಾಡಿ ಬಿಟ್ಟುಹೋದ ಗುರುತು. ಅದರ ಕಂಪನಿಯ ಹೆಸರು ಇಲ್ಲಿ ಬೇಡ. ಆ ಹೆಸರು ಕೇಳಿದರೆ ಹಳೆ ಕಾರಿನ ಹುಚ್ಚಿರುವವರು ಕುರ್ಚಿ ಬಿಟ್ಟು ಏಳುತ್ತಾರೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಆಗ ನನಗೆ ಕಂಡದ್ದು ತುಕ್ಕು ಮಾತ್ರ.

ಕಾರಿನ ಜೊತೆ ಅದರ ಯಜಮಾನರೂ ಬಂದಿದ್ದರು. ಎಪ್ಪತ್ತೈದರ ಆಸುಪಾಸಿನ ಓಮಾನಿ ಹಿರಿಯರು. ಇಲ್ಲಿ ಯಜಮಾನರನ್ನು ನಾವು ಕೆಲಸದವರು ಅರ್ಬಾಬ್ ಎನ್ನುತ್ತೇವೆ. ನಾನೂ ಹಾಗೆಯೇ ಕರೆದೆ. ಅವರು ಹುಟ್ಟಿದ್ದು ಜಂಜಿಬಾರಿನಲ್ಲಿ. ಅಲ್ಲಿ ಗುಜರಾತಿಗಳ ಅಂಗಡಿ ಸಾಲಿನಲ್ಲೇ ಬೆಳೆದವರಾದ್ದರಿಂದ ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ನಾನು ಕೊಟ್ಟ ಚಹಾ ಹಿಡಿದು ಟೈರಿನ ಮೇಲೆಯೇ ಕೂತು ಅವರು ಕಾರಿನ ಕಥೆ ಹೇಳಿದರು.

ಅವರ ತಂದೆ ಜಂಜಿಬಾರಿನಲ್ಲಿ ಲವಂಗದ ವ್ಯಾಪಾರಿ. ಊರು ಬಿಟ್ಟು ಹೊರಟಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ ಈ ಕಾರು ಕೊಂಡಿದ್ದರು. ಆಮೇಲೆ ಇವರೇ ಆ ಊರು ಬಿಡಬೇಕಾಗಿ ಬಂದಾಗ, ಮನೆಯ ಎಷ್ಟೋ ಸಾಮಾನು ಅಲ್ಲೇ ಬಿಟ್ಟು ಕಾರನ್ನು ಮಾತ್ರ ಮರದ ಪೆಟ್ಟಿಗೆಯಲ್ಲಿ ಹಾಕಿಸಿ ಹಡಗಿಗೆ ಏರಿಸಿದರಂತೆ. ಪೆಟ್ಟಿಗೆ ಇಳಿದದ್ದು ಮತ್ರಾ ಬಂದರಿನಲ್ಲಿ. ಮಸ್ಕತ್ತಿನಲ್ಲಿ ಆಗಿನ್ನೂ ರಸ್ತೆಗಳು ಆಗುತ್ತಿದ್ದ ಕಾಲ. ರಸ್ತೆ ಮಾಡಿಸಲು ಬಂದಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರ್ ಒಂದು ದಿನ ಈ ಕಾರನ್ನು ನೋಡಿದ, ಮಂಡಿಯೂರಿ ಅಡಿಗೆ ಇಣುಕಿದ, ಎದ್ದು ನಕ್ಕ. ಅಡಿಯ ಚಾಸಿ, ಅಂದರೆ ಎರಡು ಉದ್ದ ಪಟ್ಟಿಗಳ ಕಬ್ಬಿಣದ ಚೌಕಟ್ಟು, ಹಳೆಯ ಮಾದರಿಯದು, ಮೇಲಿನ ಎಂಜಿನ್ನು ಮತ್ತು ಬಾಡಿ ಹೊಸ ಮಾದರಿಯದು. ಯಾರೋ ಎರಡು ಗುಜರಿ ಕಾರುಗಳನ್ನು ಹೊಲಿದು ಒಂದು ಮಾಡಿ ನಿಮ್ಮ ತಲೆಗೆ ಕಟ್ಟಿದ್ದಾರೆ ಎಂದ.

ಹೇಳಿದವನು ಹೋದ. ಮಾತು ಉಳಿಯಿತು. ಅರ್ಬಾಬರ ಚಿಕ್ಕಪ್ಪ ಒಬ್ಬರಿದ್ದರು, ಬಾಯಿ ತುಂಬ ಮಾತಿನ ಮನುಷ್ಯ. ಅವರಿಗೆ ಇದು ಬಹಳ ರುಚಿಸಿತು. ಮತ್ರಾದ ಅಂಗಡಿ ಅಂಗಡಿಗಳಲ್ಲಿ ಕೂತು, ನಮ್ಮಣ್ಣ ಲವಂಗದಲ್ಲಿ ಒಂದು ಕಾಳು ಹುಳುಕಿದ್ದರೂ ಕಂಡುಹಿಡಿಯುತ್ತಿದ್ದ, ಕಾರಿನಲ್ಲಿ ಮಾತ್ರ ಎರಡು ಅರ್ಧಗಳನ್ನು ತಂದ ಎಂದು ಹೇಳಿ ನಗಿಸುತ್ತಿದ್ದರು. ತಂದೆಗೆ ವ್ಯಾಪಾರವೆಂದರೆ ಮರ್ಯಾದೆ. ಮೋಸ ಹೋದ ವ್ಯಾಪಾರಿ ಎನ್ನಿಸಿಕೊಂಡ ಮೇಲೆ ಅವರು ಆ ಕಾರನ್ನು ಹತ್ತಲೇ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅವರ ಮಟ್ಟಿಗೆ ಹಾಗೆಯೇ ಆಯಿತು. ಸಾಯುವವರೆಗೆ ಕಾರು ಗೋದಾಮಿನಲ್ಲಿ ಟಾರ್ಪಾಲಿನ ಕೆಳಗೆ ಇತ್ತು.

"ನನ್ನ ತಂದೆ ಮೋಸ ಹೋಗಿದ್ದರೋ ಇಲ್ಲವೋ, ನನಗೆ ಅಷ್ಟು ಗೊತ್ತಾಗಬೇಕು. ಹೋಗಿದ್ದರೆ ಹೋಗಿದ್ದರು ಅಂತಲೇ ಹೇಳು," ಎಂದರು ಅರ್ಬಾಬ್.

ಚಳಿಗಾಲದಲ್ಲಿ ಮತ್ರಾದ ಸಮುದ್ರದಂಡೆಯ ರಸ್ತೆಯಲ್ಲಿ ಹಳೆ ಕಾರುಗಳ ಮೆರವಣಿಗೆ ಇತ್ತು. ಈ ಮಾದರಿಯ ಕಾರುಗಳನ್ನೇ ಜೀವನವಿಡೀ ಓದಿದ ತಜ್ಞರೊಬ್ಬರು ಇಂಗ್ಲೆಂಡಿನಿಂದ ಬರುವವರಿದ್ದರು. ಅವರ ಬಾಯಿಂದ ತೀರ್ಪು ಬರಬೇಕು. ಅಷ್ಟರೊಳಗೆ ಗಾಡಿ ಓಡುವ ಹಾಗಾಗಬೇಕು. ಹೊರಡುವಾಗ ಅರ್ಬಾಬ್ ಎರಡೆರಡು ಸಲ ಹೇಳಿದರು, ಓಡಲು ಬೇಕಾದಷ್ಟು ಮಾತ್ರ ಮಾಡು, ಉಳಿದದ್ದು ಇದ್ದ ಹಾಗೆಯೇ ಇರಲಿ. ನಾನು ತಲೆಯಾಡಿಸಿದೆ. ಒಳಗೆ ಮಾತ್ರ, ಇದ್ದ ಹಾಗೆ ಇಡುವುದಕ್ಕೆ ನಾನು ಯಾಕೆ, ಗೋದಾಮು ಸಾಕಿತ್ತಲ್ಲ ಎಂದುಕೊಂಡೆ.

ನಟ್ಟು ಬಿಚ್ಚಲು ಕೂತ ಮೊದಲ ದಿನವೇ ಸೊಕ್ಕು ಸ್ವಲ್ಪ ಇಳಿಯಿತು. ನಮ್ಮ ಮಿಲಿಮೀಟರ್ ಸ್ಪ್ಯಾನರುಗಳಲ್ಲಿ ಒಂದೂ ಆ ನಟ್ಟುಗಳಿಗೆ ಕೂರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಮಂಗಳೂರಿನ ಬಸ್ ಬಾಡಿ ಕಟ್ಟುವ ಶೆಡ್ಡಿನಲ್ಲಿ ನಾನು ಕೆಲಸ ಕಲಿತಾಗ ಹಳೆಯ ಇಂಗ್ಲಿಷ್ ಅಳತೆಯ ಸ್ಪ್ಯಾನರುಗಳ ಒಂದು ಕಟ್ಟು ಕೈಗೆ ಬಂದಿತ್ತು. ಎಂದೂ ಬೇಕಾಗಲಿಲ್ಲ, ಎಂದೂ ಬಿಸಾಡಲಿಲ್ಲ. ರೂವಿಯ ನಮ್ಮ ಫ್ಲ್ಯಾಟಿನ ಮಂಚದಡಿಯ ಟ್ರಂಕಿನಲ್ಲಿತ್ತು. ಅದನ್ನು ಹೊರಗೆ ಎಳೆದಾಗ ಮನೆಯವಳು, ಇಪ್ಪತ್ತು ವರ್ಷದಿಂದ ಈ ಗುಜರಿಯ ಸುತ್ತ ನಾನು ಗುಡಿಸಿ ಒರಸಿದ್ದಕ್ಕೆ ಇಂದು ಒಂದು ಅರ್ಥ ಬಂತು ಎಂದಳು.

ಕಾರಿನ ಜೊತೆಗೆ ತಗಡಿನ ಡಬ್ಬಿಯಲ್ಲಿ ಕಂಪನಿಯ ಹಳೆ ಪುಸ್ತಿಕೆಗಳೂ ಬಂದಿದ್ದವು. ನನ್ನ ಇಂಗ್ಲಿಷು ಬಿಲ್ಲು, ಗೇಟ್‌ಪಾಸಿನ ಮಟ್ಟದ್ದು. ಸಂಜೆ ಮಗಳು ಓದಿ ಹೇಳುತ್ತಿದ್ದಳು. ಅವಳಿಗೆ ಶಬ್ದ ಗೊತ್ತು, ವಸ್ತು ಗೊತ್ತಿಲ್ಲ. ನನಗೆ ವಸ್ತು ಗೊತ್ತು, ಶಬ್ದ ಗೊತ್ತಿಲ್ಲ. ಅವಳು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ನಾನು ತುಳುವಿನಲ್ಲಿ ಉತ್ತರಿಸುತ್ತ, ಊಟದ ಮೇಜಿನ ಮೇಲೆ ಇಬ್ಬರೂ ಸೇರಿ ಆ ಕಾರನ್ನು ಮತ್ತೊಮ್ಮೆ ಕಟ್ಟಿದೆವು.

ಹಾಗೆ ಗೊತ್ತಾದದ್ದು ಇಷ್ಟು. ಮೊದಲ ಮಾದರಿಯನ್ನು ಅವರು ಬಡತನದಲ್ಲೇ ಮಾಡಿದ್ದರು. ಸಾಮಾನ್ಯ ಸಂಸಾರಸ್ಥರ ಸಣ್ಣ ಕಾರಿನ ಚಾಸಿ ತೆಗೆದುಕೊಂಡು, ಅದರ ಮೇಲೆ ಹಗುರವಾದ ಬಾಡಿ ಕೂರಿಸಿ, ಇಗೋ ಸ್ಪೋರ್ಟ್ಸ್ ಕಾರು ಎಂದರು. ರೇಸಿಗೆ ಒಯ್ದರು. ಜೋರಾಗಿ ಓಡಿಸಿದರೆ ಎಂಜಿನ್ನಿನೊಳಗಿನ ಕ್ರ್ಯಾಂಕು ದಂಡ ಬಾಗುತ್ತಿತ್ತು, ಬ್ರೇಕಿನ ಕೇಬಲ್ಲು ಜಗ್ಗುತ್ತಿತ್ತು, ತಿರುವಿನಲ್ಲಿ ಗಾಡಿ ಎಗರುತ್ತಿತ್ತು. ಮುರಿದದ್ದನ್ನೆಲ್ಲ ಶೆಡ್ಡಿಗೆ ತಂದು, ಎಲ್ಲಿ ಮುರಿಯಿತೋ ಅಲ್ಲಿ ದಪ್ಪ ಮಾಡಿದರು, ಎಲ್ಲಿ ಭಾರ ಹೆಚ್ಚೋ ಅಲ್ಲಿ ಕೊರೆದು ತೆಗೆದರು. ಎರಡನೆಯ ಮಾದರಿಯಲ್ಲಿ ಕ್ರ್ಯಾಂಕು ಬಲವಾಯಿತು, ಬ್ರೇಕು ದೊಡ್ಡದಾಯಿತು, ಎಂಜಿನ್ನು ತುಸು ಹಿಂದಕ್ಕೆ ಸರಿಯಿತು. ಸರಿದದ್ದರಿಂದ ಮೂತಿಯ ಭಾರ ಇಳಿದು ತಿರುವಿನಲ್ಲಿ ಗಾಡಿ ನೆಲ ಕಚ್ಚಿಕೊಂಡಿತು. ಅದೇ ಗಾಡಿ ಅವರಿಗೆ ಹೆಸರು ತಂದುಕೊಟ್ಟಿತು. ಆ ಪುಸ್ತಿಕೆಗಳಲ್ಲಿ ಜಂಬದ ಮಾತು ಬಹಳ ಇತ್ತು, ನಾನು ಅದನ್ನು ತಪ್ಪೆಂದು ತಿಳಿಯಲಿಲ್ಲ. ತಮ್ಮ ಕೈಯಾರೆ ಮುರಿದು, ತಮ್ಮ ಕೈಯಾರೆ ಸರಿಮಾಡಿದವರಿಗೆ ಅಷ್ಟು ಜಂಬ ಇರಬೇಕು.

ಆದರೆ ಪುಸ್ತಿಕೆ ಓದಿದಷ್ಟೂ ಅರ್ಬಾಬರ ತಂದೆಯ ಪಕ್ಷ ಸೋಲುತ್ತ ಹೋಯಿತು. ನಮ್ಮ ಕಾರಿನ ಡ್ಯಾಶ್‌ಬೋರ್ಡಿನ ಹಿಂದಿದ್ದ ಹಿತ್ತಾಳೆ ಫಲಕದ ನಂಬರು ಎರಡನೆಯ ಮಾದರಿಯದು. ಎಂಜಿನ್ನೂ ಎರಡನೆಯದರದ್ದೇ. ಚಾಸಿ ಮಾತ್ರ, ಅದರ ಬಾಗು ನೋಡಿದರೆ, ಚಿತ್ರದಲ್ಲಿದ್ದ ಮೊದಲ ಮಾದರಿಯದು. ಚಾಸಿಯ ಮೇಲೂ ಅದೇ ನಂಬರು ಒತ್ತಿರಬೇಕು, ಎಡಗಡೆ ಮುಂದಿನ ಸ್ಪ್ರಿಂಗಿನ ಹತ್ತಿರ ಎಂದು ಪುಸ್ತಿಕೆ ಹೇಳುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಫಲಕಕ್ಕೇನು, ನಾಲ್ಕು ಸ್ಕ್ರೂ; ಯಾರು ಬೇಕಾದರೂ ಕಿತ್ತು ಯಾವ ಗಾಡಿಗೆ ಬೇಕಾದರೂ ಹೊಡೆಯಬಹುದು. ಇಂಜಿನಿಯರ್ ನಕ್ಕದ್ದು ಸರಿಯೇ ಇರಬೇಕು ಎಂದು ನನಗೂ ಅನ್ನಿಸಿತು. ಬೇಸರವಾಯಿತು, ಅರ್ಬಾಬರಿಗೆ ಹೇಳಲಿಲ್ಲ.

ಜುಲೈಯಲ್ಲಿ ಅರ್ಬಾಬ್ ಮಗಳ ಮನೆಗೆಂದು ಖಸಬ್‌ಗೆ ಹೋದರು. ನಾನು ಕಾದಿದ್ದವನಂತೆ ಆ ವಾರವೇ ಚಾಸಿಯನ್ನು ಬಿಚ್ಚಿ ಬೇರೆ ಮಾಡಿ ಸ್ಯಾಂಡ್ ಬ್ಲಾಸ್ಟಿಂಗಿಗೆ ಕಳಿಸಿದೆ. ಇದೇ ನಾನು ಮಾಡಿದ ತಪ್ಪು. ಇದ್ದ ಹಾಗೆ ಇರಲಿ ಎಂದು ಯಜಮಾನರು ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ಇಂಗ್ಲೆಂಡಿನಿಂದ ಬರುವ ತಜ್ಞರು ನನ್ನ ಕೆಲಸ ನೋಡುವಾಗ ಅಡಿಯಲ್ಲಿ ಆ ಹಳೆಯ ಸುಕ್ಕುಗಟ್ಟಿದ ಕಪ್ಪು ಬಣ್ಣ ಕಂಡರೆ ನನ್ನ ಹೆಸರೇನಾಗಬೇಕು ಎಂಬ ಯೋಚನೆ. ಎರಡು ಅರ್ಧಗಳ ಕಾರಾದರೆ ಆಗಲಿ, ಝೀರೋ ಮೀಟರ್ ಎರಡು ಅರ್ಧಗಳಾಗಲಿ. ನಮ್ಮ ಶೆಡ್ಡಿನ ಡೆಂಟಿಂಗ್, ಪೇಂಟಿಂಗ್ ಎಲ್ಲ ನೋಡುವ ಉಳ್ಳಾಲದ ಬ್ಯಾರಿ ಕಾಕನಿಗೂ ಇದೇ ಸರಿ ಕಂಡಿತು. ನನಗಿಂತ ಆರು ವರ್ಷ ದೊಡ್ಡವರು, ಪುಟ್ಟಿ ಮೆತ್ತುವುದರಲ್ಲಿ ಅವರನ್ನು ಮೀರಿಸುವವರು ಈ ಕಡೆ ಇಲ್ಲ.

ಬ್ಲಾಸ್ಟಿಂಗ್ ಯಾರ್ಡು ನಮ್ಮ ಶೆಡ್ಡಿನಿಂದ ಎರಡು ಗಲ್ಲಿ ಆಚೆ, ಬಯಲಿನಲ್ಲಿ. ಹಡಗಿನ ತಗಡು, ಎಣ್ಣೆಯ ಪೈಪು ಇವುಗಳ ಮೇಲೆ ಗಾಳಿಯ ಒತ್ತಡದಿಂದ ಒರಟು ಹರಳು ಎರಚಿ ತುಕ್ಕು, ಬಣ್ಣ ಎಲ್ಲ ಕಿತ್ತೆಸೆಯುವ ಜಾಗ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಬೆಳಿಗ್ಗೆ ಹನ್ನೊಂದರ ಮೇಲೆ ನಮ್ಮ ಸರದಿ ಬಂತು. ಕೆಲಸದವನು ಗೋಡೆಯ ನೆರಳು ಬೀಳುತ್ತಿದ್ದ ಬಲಗಡೆಯಿಂದ ಶುರು ಮಾಡಿದ. ಬಲಗಡೆಯ ಪಟ್ಟಿ ಮುಗಿದು ಬೆಳ್ಳಿಯ ಬಣ್ಣಕ್ಕೆ ತಿರುಗಿತ್ತು. ಅವನು ಎಡಗಡೆಗೆ ಪೈಪು ತಿರುಗಿಸಬೇಕು, ಅಷ್ಟರಲ್ಲಿ ಸೀಟಿ ಊದಿದರು. ಖಲಾಸ್ ಎಂದು ಅವನು ಮುಖದ ಟೋಪಿ ಕಳಚಿದ. ಬೇಸಿಗೆಯ ತಿಂಗಳುಗಳಲ್ಲಿ ಇಲ್ಲಿ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಬಯಲಿನಲ್ಲಿ ಯಾರಿಂದಲೂ ಕೆಲಸ ಮಾಡಿಸುವಂತಿಲ್ಲ, ಸರಕಾರದ ಆಜ್ಞೆ. ನನಗೆ ಕೋಪ ಬಂತು. ಇನ್ನು ಇಪ್ಪತ್ತು ನಿಮಿಷ, ಮುಗಿಸಿಬಿಡು ಎಂದೆ. ಅವನು ಸೂರ್ಯನ ಕಡೆ ಬೆರಳು ತೋರಿಸಿ ಮಲಗಲು ಹೋದ. ಆ ಮನುಷ್ಯನಿಗೆ ನಾನು ಇಂದಿಗೂ ಋಣಿ.

ವಾಪಸು ಹೋಗಿ ಬರಲು ಆ ಬಿಸಿಲಿನಲ್ಲಿ ಮನಸ್ಸಾಗಲಿಲ್ಲ. ಎರಡು ಸ್ಟ್ಯಾಂಡುಗಳ ಮೇಲಿದ್ದ ಚಾಸಿಯನ್ನು ನಾನೂ ಜೊತೆಗೆ ಬಂದಿದ್ದ ಕಾಕನೂ ಸೇರಿ ಗೋಡೆಯ ನೆರಳಿಗೆ ಎಳೆದೆವು. ಕಾಕ ನಮಾಜಿಗೆ ಹೋದರು. ನಾನು ರಟ್ಟು ಹಾಸಿ ಚಾಸಿಯ ಪಕ್ಕ ಒರಗಿದೆ. ಆಗ ಕಂಡಿತು: ಬ್ಲಾಸ್ಟಿಂಗ್ ಆದ ಬಲಗಡೆಯ ಪಟ್ಟಿಯಲ್ಲಿ ಎರಡು ಉರುಟು ಗುರುತು. ಎಂಟಾಣೆ ನಾಣ್ಯದಷ್ಟಗಲ. ಹಳೆಯ ತೂತುಗಳನ್ನು ಯಾರೋ ಕಬ್ಬಿಣದ ಬಿರಡೆ ಹಾಕಿ ಮುಚ್ಚಿದ್ದರು. ಕಾಕ ಬಂದ ಮೇಲೆ ತೋರಿಸಿದೆ. "ಎಂತ ಮಾಡ್ಲಿಕ್ಕುಂಟು ಮಾರಾಯ, ಮೇಲಿಂದ ಒಂದು ಕೈ ಪುಟ್ಟಿ ಹೊಡೆದ್ರೆ ದೇವರಿಗೂ ಗೊತ್ತಾಗ್ಲಿಕ್ಕಿಲ್ಲ," ಎಂದರು ಅವರು. ಸರಿ ಎಂದೆ. ಆದರೂ ಕಣ್ಣು ಅಲ್ಲಿಂದ ಏಳಲಿಲ್ಲ.

ಯಾಕೆಂದರೆ ಆ ಕೆಲಸ ನನಗೆ ಗುರುತು ಸಿಕ್ಕಿತ್ತು. ಮಂಗಳೂರಿನ ಶೆಡ್ಡಿನಲ್ಲಿ ಬಸ್ಸಿನ ಬಾಡಿಯ ವಿನ್ಯಾಸ ಬದಲಾದಾಗ ಹಳೆಯ ಚಾಸಿಗಳು ಹತ್ತಿಪ್ಪತ್ತು ಉಳಿದಿರುತ್ತಿದ್ದವು. ಬಿಸಾಡಲಾಗುತ್ತದೆಯೇ? ಹಳೆಯ ತೂತು ಮುಚ್ಚು, ಹೊಸ ತೂತು ಕೊರೆ. ಅದನ್ನು ಮಾಡಿ ಮಾಡಿ ನನ್ನ ಅಂಗೈ ಬೊಬ್ಬೆ ಎದ್ದಿತ್ತು. ನಮ್ಮ ಹಿರಿಯ ಮೇಸ್ತ್ರಿ ವೆಲ್ಡಿಂಗ್ ಮಾಡಲು ಬಿಡುತ್ತಿರಲಿಲ್ಲ, ಕಾಯಿಸಿದರೆ ಚಾಸಿ ಅಲ್ಲೇ ಬಿರಿಯುತ್ತದೆ ಎನ್ನುತ್ತಿದ್ದರು. ಬಿರಡೆ ಹೊಡೆ, ಎರಡೂ ಕಡೆ ತಟ್ಟಿ ಕೂರಿಸು, ಅರದಿಂದ ಉಜ್ಜಿ ಸಮ ಮಾಡು, ಆಮೇಲೆ ಬಣ್ಣ. ಗುಜರಿ ಹೊಲಿಯುವವನು ಇಷ್ಟು ಕಷ್ಟ ಪಡುವುದಿಲ್ಲ. ಅವನು ತೂತು ಮುಚ್ಚುವುದೇ ಇಲ್ಲ. ಮುಚ್ಚಿದರೂ ವೆಲ್ಡಿಂಗಿನ ಉಂಡೆ ಬಿಟ್ಟಿರುತ್ತಾನೆ. ಇಲ್ಲಿ ಬಿರಡೆ ಚಾಸಿಯ ಜೊತೆ ಎಷ್ಟು ಸಮವಾಗಿತ್ತೆಂದರೆ ಉಗುರು ಎಡವಲಿಲ್ಲ.

ರಟ್ಟಿನ ಮೇಲಿಂದ ಎದ್ದೆ. ಎಡಗಡೆಯ ಪಟ್ಟಿಗೆ ಹೋದೆ. ಅಲ್ಲಿ ಹಳೆಯ ಕಪ್ಪು ಬಣ್ಣ ಹಾಗೆಯೇ ಇತ್ತು. ಬಿರಡೆ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ, ಬೆರಳಿಗೆ ಮಾತ್ರ ಸ್ವಲ್ಪ ಸಿಕ್ಕಿತು. ಬಲಗಡೆ ಎಷ್ಟು ದೂರದಲ್ಲಿತ್ತೋ ಅಷ್ಟೇ ದೂರದಲ್ಲಿ, ಕೂದಲೆಳೆಯ ವ್ಯತ್ಯಾಸವಿಲ್ಲ. ಅಚ್ಚು ಇಟ್ಟು ಮಾಡಿದ ಕೆಲಸ. ಮತ್ತು ಬಣ್ಣ ಬಿರಡೆಯ ಮೇಲೆ ಎಲ್ಲೂ ಕಡಿಯದೆ ಹರಿದಿತ್ತು. ಅಂದರೆ ತೂತು ಮುಚ್ಚಿದ ಮೇಲೆ ಬಣ್ಣ ಬಿದ್ದಿದೆ, ಮೊದಲಲ್ಲ. ಆ ಇಂಗ್ಲೆಂಡಿನ ಶೆಡ್ಡಿನವರೂ ನಮ್ಮ ಮೇಸ್ತ್ರಿಯ ಹಾಗೆಯೇ ಉಳಿದ ಹಳೆಯ ಚಾಸಿಗಳನ್ನು ಬಿಸಾಡಲಾರದೆ ಹೊಸ ಮಾದರಿಗೆ ಹೊಂದಿಸಿದ್ದರು!

ಆದರೆ ಇದು ನನ್ನ ಊಹೆ, ಸಾಕ್ಷಿಯಲ್ಲ. ನಂಬರು ಬೇಕು. ಚಾಸಿಗೆ ನಂಬರು ಒತ್ತಿದವನು ನಾನಾಗಿದ್ದರೆ ಎಲ್ಲಿ ಒತ್ತುತ್ತಿದ್ದೆ? ಹೊಸ ಮಾದರಿಗೆ ಸ್ಪ್ರಿಂಗಿನ ಹತ್ತಿರ ಒತ್ತು ಎಂದು ಆಫೀಸಿನಿಂದ ಆಜ್ಞೆ ಬಂದಿರಬಹುದು. ಆದರೆ ಕೈಗೆ ಅಭ್ಯಾಸವಾದ ಜಾಗ ಅಷ್ಟು ಬೇಗ ಬಿಡುತ್ತದೆಯೇ? ಎದುರಿಗೆ ಬಂದದ್ದು ಹಳೆಯ ಚಾಸಿ, ಕೈ ಹಳೆಯ ಜಾಗಕ್ಕೇ ಹೋಗುತ್ತದೆ. ಮಗಳಿಗೆ ಫೋನು ಮಾಡಿ, ಮೊದಲ ಮಾದರಿಯ ಪುಸ್ತಿಕೆಯಲ್ಲಿ ನಂಬರು ಎಲ್ಲಿ ಎಂದು ಬರೆದಿದೆ ನೋಡು ಎಂದೆ. ಊಟ ಬಿಟ್ಟು ಎದ್ದದ್ದಕ್ಕೆ ಗೊಣಗುತ್ತ ನೋಡಿ ಹೇಳಿದಳು: ಎಡಗಡೆ, ಎಂಜಿನ್ ಕೂರುವ ತೂತಿನ ಪಕ್ಕ.

ಎರಡನೆಯ ಮಾದರಿಯಲ್ಲಿ ಎಂಜಿನ್ನು ಹಿಂದಕ್ಕೆ ಸರಿದಿತ್ತಲ್ಲ, ಮೊದಲು ಎಂಜಿನ್ ಕೂರುತ್ತಿದ್ದ ಆ ತೂತೇ ಈಗ ಮುಚ್ಚಿದ ತೂತು. ಅಲ್ಲಿ ಬಣ್ಣ ದಪ್ಪಗಿತ್ತು. ಕೆರೆಯಬಾರದು, ಕೆರೆದರೆ ಸಾಕ್ಷಿ ಹೋಯಿತು ಎಂಬ ಬುದ್ಧಿ ಅಂತೂ ಆಗ ಬಂತು. ಸಣ್ಣವರಿದ್ದಾಗ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ಸಿಂಹ ಮೂಡಿಸುತ್ತಿದ್ದೆವಲ್ಲ, ಅದು ನೆನಪಾಯಿತು. ಯಾರ್ಡಿನ ಆಫೀಸಿನಿಂದ ಒಂದು ತೆಳು ಹಾಳೆ, ಒಂದು ಪೆನ್ಸಿಲು ತಂದೆ. ಕಾಕ ಹಾಳೆ ಹಿಡಿದರು, ನಾನು ಉಜ್ಜಿದೆ. ತಮ್ಮ ಬೆವರು ಕಾಗದದ ಮೇಲೆ ಬೀಳದಿರಲೆಂದು ಕತ್ತು ಹಿಂದಕ್ಕೆ ಎಳೆದುಕೊಂಡಿದ್ದರು. ಮೊದಲು ಒಂದು ಗೆರೆ. ಆಮೇಲೆ ಒಂದು ಸೊನ್ನೆ. ಒಂದೊಂದಾಗಿ ಅಂಕೆಗಳು ಬಂದವು, ಕೊನೆಗೆ ಒಂದು ಏಳು. ಫಲಕದಲ್ಲಿದ್ದ ನಂಬರೇ, ಒಂದಂಕೆ ಆಚೆ ಈಚೆ ಇಲ್ಲ. ಆ ಕೊನೆಯ ಏಳರ ತಲೆ ಚಾಸಿಯ ಮೇಲಿತ್ತು, ಕಾಲು ಬಿರಡೆಯ ಮೇಲಿತ್ತು. ತೂತು ಮುಚ್ಚಿದ ಮೇಲೆ ನಂಬರು ಒತ್ತಿದ್ದಾರೆ, ನಂಬರು ಒತ್ತಿದ ಮೇಲೆ ಬಣ್ಣ ಹೊಡೆದಿದ್ದಾರೆ, ಇಷ್ಟನ್ನೂ ಮಾಡಿದ್ದು ಕಾರು ಹುಟ್ಟಿದ ಶೆಡ್ಡಿನಲ್ಲೇ. ಮೋಸ ಮಾಡುವವನಾಗಿದ್ದರೆ ಪುಸ್ತಿಕೆ ಹೇಳಿದ ಜಾಗದಲ್ಲೇ ಒತ್ತುತ್ತಿದ್ದ.

ನಾನು ಎದ್ದು ಆ ಬಿಸಿಲಿನಲ್ಲೇ ಎರಡು ಸಲ ಯಾರ್ಡು ಸುತ್ತಿದೆ. ಕೂಗಬೇಕೆನ್ನಿಸಿತು, ಮಲಗಿದ್ದವರನ್ನು ನೋಡಿ ಸುಮ್ಮನಾದೆ. ಅಂಥ ಸಂತೋಷ ನನಗೆ ಮಗಳು ಹುಟ್ಟಿದ ದಿನ ಆಗಿತ್ತು. ಅದರ ಹಿಂದೆಯೇ ಇನ್ನೊಂದು ಲೆಕ್ಕವೂ ತಲೆಗೆ ಬಂತು. ಕೆಲಸದವನು ಎಡಗಡೆಯಿಂದ ಶುರು ಮಾಡಿದ್ದರೆ ಅಂಕೆಗಳ ಮೇಲೆ ಹರಳು ಎರಚಿ ಸವೆಸಿರುತ್ತಿದ್ದ, ಉಳಿದದ್ದನ್ನು ಕಾಕನ ಪುಟ್ಟಿ ನುಂಗಿರುತ್ತಿತ್ತು. ಒಬ್ಬ ಮನುಷ್ಯನ ಮರ್ಯಾದೆಯನ್ನು ನನ್ನ ಝೀರೋ ಮೀಟರ್ ಚಪಲಕ್ಕೆ ಒರಸಿಹಾಕಲು ನಾನೇ ಹೊತ್ತು ತಂದಿದ್ದೆ. ಮೂರೂವರೆಗೆ ಕೆಲಸದವನು ಪೈಪು ಹಿಡಿದು ಬಂದಾಗ ನಾನು ಚಾಸಿಯ ಮುಂದೆ ಕೈ ಅಗಲಿಸಿ ನಿಂತಿದ್ದೆ. ಅವನಿಗೆ ನನ್ನ ತಲೆಗೆ ಬಿಸಿಲು ಹತ್ತಿದೆ ಎನ್ನಿಸಿರಬೇಕು, ನೀರು ತಂದುಕೊಟ್ಟ.

ಖಸಬ್‌ನಿಂದ ಅರ್ಬಾಬ್ ಬಂದ ದಿನ ಮೊದಲು ತಪ್ಪು ಒಪ್ಪಿಕೊಂಡೆ, ಆಮೇಲೆ ಹಾಳೆ ಕೊಟ್ಟೆ. ಹಿಂದಿಯಲ್ಲಿ ತಪ್ಪು ಒಪ್ಪಿಕೊಳ್ಳುವುದು ಸುಲಭ, ಮನಸ್ಸಿಗೆ ಅಷ್ಟು ತಾಗುವುದಿಲ್ಲ ಎಂದುಕೊಂಡಿದ್ದೆ, ತಾಗಿತು. ಅವರು ಬೆಳ್ಳಗಾಗಿದ್ದ ಬಲಗಡೆಯನ್ನು ಬಹಳ ಹೊತ್ತು ನೋಡಿದರು. ಹಾಳೆಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಏಳರ ಕಾಲನ್ನು ಬಿರಡೆಯ ಮೇಲೆ ಅವರ ಬೆರಳು ಹಿಡಿದು ತೋರಿಸಿದೆ.

"ಅರ್ಧ ಅಳಿಸಿದವನೂ ನೀನೇ, ಅರ್ಧ ಓದಿದವನೂ ನೀನೇ. ಇನ್ನು ಮುಟ್ಟಬೇಡ," ಎಂದರು.

ಎಡಗಡೆ ಮುಟ್ಟಲಿಲ್ಲ. ಬಲಗಡೆಗೆ ಮಾತ್ರ ತುಕ್ಕು ಹಿಡಿಯದಂತೆ ಕಾಕ ಕಪ್ಪು ಬಳಿದರು. ಒಂದು ಕಡೆ ಹೊಳಪು, ಒಂದು ಕಡೆ ಸುಕ್ಕು. ಅವರ ಜೀವಮಾನದಲ್ಲಿ ಹೀಗೆ ಅರ್ಧ ಬಣ್ಣದ ಗಾಡಿ ಹೊರಗೆ ಬಿಟ್ಟದ್ದಿಲ್ಲವಂತೆ, ಎರಡು ದಿನ ನನ್ನ ಹತ್ತಿರ ಮುಖ ಕೊಟ್ಟು ಮಾತಾಡಲಿಲ್ಲ. ಎಂಜಿನ್ನು ಕೂರಿಸಿ, ಬ್ರೇಕು ಕಟ್ಟಿ, ನವೆಂಬರಿನ ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಅದನ್ನು ಸ್ಟಾರ್ಟ್ ಮಾಡಿದೆ. ಮೂರು ಸಲ ಕೆಮ್ಮಿ ಹಿಡಿದುಕೊಂಡಿತು. ಆ ಸದ್ದಿಗೆ ಗಲ್ಲಿಯ ಅಷ್ಟೂ ಶೆಡ್ಡಿನವರು ಕೈಯಲ್ಲಿದ್ದದ್ದನ್ನು ಬಿಟ್ಟು ಬಂದು ನಿಂತರು.

ತಜ್ಞರು ಬಂದರು. ಗಂಡಸೆಂದು ನಾನು ಲೆಕ್ಕ ಹಾಕಿದ್ದೆ. ಅರವತ್ತು ದಾಟಿದ, ಬೆಳ್ಳಿ ಕೂದಲಿನ, ಕಡಿಮೆ ಮಾತಿನ ಹೆಂಗಸು. ಮೆರವಣಿಗೆಯ ಹಿಂದಿನ ದಿನ ನಮ್ಮ ಶೆಡ್ಡಿಗೇ ಬಂದು, ಚಾಪೆ ಕೇಳಿ ಹಾಸಿಕೊಂಡು ಕಾರಿನಡಿಗೆ ಹೋದರು. ಅರ್ಬಾಬ್ ಕುರ್ಚಿಯಲ್ಲಿ ಕೂರಲಾರದೆ ಗೋಡೆ ಹಿಡಿದು ನಿಂತಿದ್ದರು. ಕಾರಿನಡಿಯಿಂದ ಆಕೆ ಎರಡು ಕಾಲು ಮಾತ್ರ ಕಾಣುವ ಹಾಗೆ ಅರ್ಧ ಗಂಟೆ ಇದ್ದರು. ಟಾರ್ಚು ಕೇಳಿದರು, ಕೊಟ್ಟೆ. ಕನ್ನಡಿ ಕೇಳಿದರು, ಕೊಟ್ಟೆ. ನಾನು ಏನನ್ನೂ ತೋರಿಸಲಿಲ್ಲ, ಅರ್ಬಾಬ್ ಹಾಗೆ ಕಟ್ಟಪ್ಪಣೆ ಮಾಡಿದ್ದರು. ಎದ್ದು ಬಂದವರ ಹಣೆಯ ಮೇಲೆ ಗ್ರೀಸಿನ ಗೆರೆ. ಸೀದಾ ಅರ್ಬಾಬರ ಮುಂದೆ ನಿಂತು, ನನಗೂ ತಿಳಿಯುವಷ್ಟು ಸರಳ ಇಂಗ್ಲಿಷಿನಲ್ಲಿ ಹೇಳಿದರು:

"ಇದನ್ನು ಯಾರೂ ಹೊಲಿದಿಲ್ಲ. ಇದು ಹೀಗೆಯೇ ಹುಟ್ಟಿದ್ದು."

ಹಳೆಯ ಚಾಸಿಗಳನ್ನು ಖಾಲಿ ಮಾಡುವಾಗ ಇಂಥವು ಕೆಲವು ತಯಾರಾಗಿರಬೇಕೆಂದು ತಾನು ಬಹಳ ವರ್ಷಗಳಿಂದ ಅಂದುಕೊಂಡಿದ್ದೆ, ಕಣ್ಣಾರೆ ಕಂಡದ್ದು ಇದೇ ಮೊದಲು ಎಂದರು. ಎಡಗಡೆಯ ಬಣ್ಣ ಉಳಿಸಿದವರು ಯಾರು ಎಂದು ಕೇಳಿದರು. ಕಾಕ ತಡಮಾಡದೆ ನನ್ನ ಕಡೆ ಬೆರಳು ತೋರಿಸಿದರು. ಬಲಗಡೆಯದನ್ನು ಅಳಿಸಿದವರು ಯಾರು ಎಂದಾಗಲೂ ಅದೇ ಬೆರಳು. ಆಕೆ ನಕ್ಕು ನನ್ನ ಕೈ ಕುಲುಕಿದರು, ಕೈ ಜಿಡ್ಡಾಗಿದೆ ಎಂದರೂ ಬಿಡಲಿಲ್ಲ. ಅರ್ಬಾಬ್ ಗೋಡೆಯ ಕಡೆ ತಿರುಗಿಕೊಂಡಿದ್ದರು. ಅವರ ಹೆಗಲು ಅಲುಗುತ್ತಿತ್ತು. ನನ್ನ ಕಣ್ಣೂ ಒದ್ದೆಯಾಗಿತ್ತು ಎಂದು ಹೇಳಲು ನಾಚಿಕೆಯಿಲ್ಲ.

ಮಾರನೆಯ ದಿನ ಮೆರವಣಿಗೆಯಲ್ಲಿ ಆ ಪುಟ್ಟ ಕಾರು ಎಲ್ಲಕ್ಕಿಂತ ಮುಂದೆ ಹೋಯಿತು. ಅದರ ಪೆಟ್ಟಿಗೆ ಹಡಗಿನಿಂದ ಇಳಿದ ಬಂದರಿನ ಎದುರಿನಿಂದಲೇ ಹೋಯಿತು. ಜನ ಚಪ್ಪಾಳೆ ತಟ್ಟಿದರು, ಮೊಬೈಲು ಎತ್ತಿ ಹಿಡಿದರು. ಕೊನೆ ಮುಟ್ಟಿದ ಮೇಲೆ ಅರ್ಬಾಬ್ ಕಾರನ್ನು ಉಳಿದವುಗಳ ಜೊತೆ ನಿಲ್ಲಿಸಲಿಲ್ಲ. ನನ್ನನ್ನೂ ಕಾಕನನ್ನೂ ಹಿಂದೆ ಬರಲು ಹೇಳಿ, ಮತ್ರಾದ ಹಳೆ ಬೀದಿಯ ಒಂದು ಮನೆಯ ಮುಂದೆ ತಂದು ನಿಲ್ಲಿಸಿ ಹಾರ್ನು ಹೊಡೆದರು.

ಚಿಕ್ಕಪ್ಪ ಇನ್ನೂ ಇದ್ದರು! ತೊಂಬತ್ತು ದಾಟಿದೆ, ಕೋಲು ಹಿಡಿದು ಹೊಸ್ತಿಲಿಗೆ ಬಂದರು. ಅರ್ಬಾಬ್ ಜೇಬಿನಿಂದ ನನ್ನ ಪೆನ್ಸಿಲಿನ ಹಾಳೆ ತೆಗೆದುಕೊಟ್ಟರು. ಎಂಜಿನ್ನಿನ ಮುಚ್ಚಳ ತೆರೆದು, ಮುದುಕರ ಕೈ ಹಿಡಿದು ಒಳಗೆ ಎಡಗಡೆಯ ಚಾಸಿಗೆ ಮುಟ್ಟಿಸುವ ಕೆಲಸ ನನ್ನದಾಯಿತು. ಬಿರಡೆ ಯಾವುದು, ಏಳು ಯಾವುದು, ಯಾವುದು ಮೊದಲು, ಯಾವುದು ಆಮೇಲೆ ಎಂದು ಹಿಂದಿಯಲ್ಲಿ ಹೇಳಿದೆ. ಅರ್ಬಾಬ್ ಅರಬಿಯಲ್ಲಿ ಹೇಳಿದರು. ಮುದುಕರ ಬೆರಳು ಅಲ್ಲೇ ನಿಂತಿತು. ಮುಖದಲ್ಲಿದ್ದ ತುಂಟತನವೆಲ್ಲ ಇಳಿದುಹೋಯಿತು. ಏನೋ ಗೊಣಗಿದರು. ಏನೆಂದು ಅರ್ಬಾಬರನ್ನು ಕೇಳಿದೆ. ಅಣ್ಣ ಬದುಕಿದ್ದಾಗ ಒಂದು ದಿನವೂ ಉತ್ತರ ಕೊಡಲಿಲ್ಲ, ಸುಮ್ಮನೆ ನನ್ನ ಮುಖ ನೋಡುತ್ತಿದ್ದ ಎನ್ನುತ್ತಿದ್ದಾರೆ ಎಂದರು.

ಆಮೇಲೆ ಮುದುಕರು ಕೋಲಿನಿಂದ ಕಾರಿನ ಬಾಗಿಲು ತಟ್ಟಿದರು. ತೆರೆಯಬೇಕಂತೆ. ನಾನೂ ಕಾಕನೂ ಇಬ್ಬರೂ ಸೇರಿ ಅವರನ್ನು ಎತ್ತಿ ಎಡಗಡೆ ಸೀಟಿನಲ್ಲಿ ಕೂರಿಸಿದೆವು. ಎಲ್ಲಿಗೆ ಎಂದು ಅರ್ಬಾಬ್ ಕೇಳಿದರು. ಅದಕ್ಕೆ ಮುದುಕರು ಹೇಳಿದ್ದನ್ನು ಅರ್ಬಾಬ್ ನಮಗೆ ಹಿಂದಿಯಲ್ಲಿ ತಿರುಗಿಸಿ ಹೇಳಿದರು.

"ಯಾವ ಯಾವ ಅಂಗಡಿಯಲ್ಲಿ ಆ ಮಾತು ಆಡಿದ್ದೆನೋ, ಅಷ್ಟೂ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋಗು."

ಗಲ್ಲಿ ಇಕ್ಕಟ್ಟು, ಬೇರೆ ಯಾವ ಕಾರೂ ಅಲ್ಲಿ ನುಗ್ಗುವುದಿಲ್ಲ. ಈ ಕಾರು ನುಗ್ಗಿತು. ನಾನು ಮುಂದೆ ನಡೆಯುತ್ತ, ಯಲ್ಲಾ ಯಲ್ಲಾ ಎಂದು ಕೈಗಾಡಿಗಳನ್ನು ಸರಿಸುತ್ತ ದಾರಿ ಮಾಡಿದೆ. ಕಾಕ ಹಿಂದಿನಿಂದ ಗೋಡೆಗೆ ಬಣ್ಣ ತಾಗದಂತೆ ನೋಡುತ್ತ ಬಂದರು. ಮೊದಲು ಒಂದು ಬಟ್ಟೆ ಅಂಗಡಿ, ಆಮೇಲೆ ಧೂಪದ ಅಂಗಡಿ, ಆಮೇಲೆ ಮೂರು ತಲೆಮಾರಿನಿಂದ ಅಲ್ಲಿರುವ ಕಚ್ಛೀ ಸೇಠರ ಮಸಾಲೆ ಅಂಗಡಿ. ಪ್ರತಿಯೊಂದರ ಮುಂದೆಯೂ ಕಾರು ನಿಂತಿತು. ಅಂದು ನಕ್ಕವರಲ್ಲಿ ಹೆಚ್ಚಿನವರು ಈಗಿಲ್ಲ, ಅವರ ಮಕ್ಕಳು, ಮೊಮ್ಮಕ್ಕಳು ಹೊರಗೆ ಬಂದು ನಿಂತರು. ಮುದುಕರು ಸೀಟಿನಲ್ಲಿ ಕೂತೇ ಆ ಹಾಳೆಯನ್ನು ಎತ್ತಿ ಹಿಡಿದು, ನಮ್ಮಣ್ಣ ಮೋಸ ಹೋಗಿರಲಿಲ್ಲ, ತಪ್ಪು ಹೇಳಿದ್ದು ನಾನು ಎಂದರು. ಸೇಠರ ಅಂಗಡಿಯ ಮುಂದೆ ಅದನ್ನು ಎರಡು ಸಲ ಹೇಳಿದರು, ಅಲ್ಲಿ ಹೆಚ್ಚು ಸಲ ನಗಿಸಿದ್ದರಂತೆ.

ಹದಿನಾಲ್ಕು ಅಂಗಡಿ ಆಯಿತು. ಹದಿನೈದನೆಯದು ಮುಚ್ಚಿತ್ತು. ಹೋಗಲಿ ಬಿಡಿ ಎಂದರು ಅರ್ಬಾಬ್. ಮುದುಕರು ಕೇಳಲಿಲ್ಲ, ಅಂಗಡಿಯವನು ಮಧ್ಯಾಹ್ನದ ನಿದ್ದೆ ಮುಗಿಸಿ ಬರುವವರೆಗೆ ಅಣ್ಣನ ಕಾರಿನಲ್ಲಿ ಕಾದು ಕೂತರು.